ಒಂದೇ ದುಡ್ಡಿಗೆ ಎರಡು ಕಾರು: ತೀರ್ಥಹಳ್ಳಿ ಕಡೆಯ ಒಂದು ಮನೆಯ ಖರೀದಿ ಪ್ರಕರಣ

ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆ. ಯಜಮಾನರಿಗೆ ಅರವತ್ತರ ಆಸುಪಾಸು, ಅವರ ತಾಯಿಗೆ ಎಂಬತ್ತು ದಾಟಿದೆ. ಮಗ ಸೊಸೆ ಮನೆಯಲ್ಲೇ ಇದ್ದಾರೆ, ಇಬ್ಬರೂ ಗಾಡಿ ಓಡಿಸುತ್ತಾರೆ. ಮಗಳು ಅಳಿಯ ಬೆಂಗಳೂರಿನಲ್ಲಿ. ಗುರುತು ಸಿಗಬಾರದೆಂದು ಊರು ಮತ್ತು ಗಾಡಿಗಳ ಹೆಸರು ಬಿಟ್ಟಿದೆ, ಕೆಲವು ವಿವರ ಬದಲಿಸಿದೆ, ಮೊತ್ತಗಳನ್ನು ಸುತ್ತಂಕಿಗೆ ತಂದಿದೆ.

ಮನೆಯಲ್ಲಿದ್ದ ಹಳೆಯ ಹ್ಯಾಚ್‌ಬ್ಯಾಕ್‌ನ ಕೆಳಭಾಗ ತುಕ್ಕು ತಿಂದು ಮುಗಿದಿತ್ತು. 2024ರ ಆರಂಭದಲ್ಲಿ ಕೊಯ್ಲು ಮುಗಿಸಿ, ಮಂಡಿಯಲ್ಲಿ ಅಡಿಕೆ ಕೊಟ್ಟು, ಸೊಸೈಟಿ ಸಾಲ ಕಟ್ಟಿ ಉಳಿದದ್ದರಲ್ಲಿ ಗಾಡಿಗೆಂದು ತೆಗೆದಿಟ್ಟ ದುಡ್ಡು ಒಂಬತ್ತು ಲಕ್ಷ. ಗಾಡಿಗೆ ಸಾಲ ಮಾಡುವುದಿಲ್ಲ ಎಂಬುದು ಯಜಮಾನರ ಹಟ. ಅದರಲ್ಲಿ ತಪ್ಪೇನೂ ಇಲ್ಲ, ದುಡ್ಡು ವರ್ಷಕ್ಕೊಮ್ಮೆ ಕೈಗೆ ಬರುವ ಮನೆಗೆ ತಿಂಗಳ ಕಂತು ಒಗ್ಗುವುದಿಲ್ಲ.

ಓಡಾಟ ಮೂರು ಬಗೆಯದು. ದಿನಕ್ಕೊಮ್ಮೆ ಪೇಟೆಗೆ ಹೋಗಿ ಬರಲು ಹದಿನೆಂಟು ಕಿ.ಮೀ. ಮೂರು ವಾರಕ್ಕೊಮ್ಮೆ ಅಜ್ಜಿಯನ್ನು ಆಗುಂಬೆ ಘಾಟಿ ಇಳಿಸಿ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯಬೇಕು, ಇದು ತಪ್ಪುವಂತಿಲ್ಲ. ವರ್ಷಕ್ಕೆ ಐದಾರು ಸಲ ಬೆಂಗಳೂರು. ಎಲ್ಲ ಸೇರಿ ವರ್ಷಕ್ಕೆ ಸುಮಾರು 14,000 ಕಿ.ಮೀ. ಇದರ ಜೊತೆಗೆ, ಟಾರು ರಸ್ತೆಯಿಂದ ಮನೆಯ ಅಂಗಳದವರೆಗೆ 1.4 ಕಿ.ಮೀ. ಮಣ್ಣಿನ ದಾರಿ: ಎರಡು ಚಕ್ರದ ಜಾಡು, ನಡುವೆ ಹುಲ್ಲು ಬೆಳೆದ ದಿಬ್ಬ, ಒಂದು ಕಡೆ ಸಿಮೆಂಟ್ ಪೈಪಿನ ಮೋರಿ.

ಎರಡು ಗಾಡಿ, ಎರಡು ವಾದ

ಮಗನ ಆಯ್ಕೆ ಹೊಸ ಕಾಂಪ್ಯಾಕ್ಟ್ ಕಾರು. ನಾಲ್ಕು ಮೀಟರ್ ಒಳಗಿನದು, 1.2 ಲೀಟರ್ ಪೆಟ್ರೋಲ್. ಶೋರೂಮ್ ಬೆಲೆ 7.2 ಲಕ್ಷ. ಐದರಿಂದ ಹತ್ತು ಲಕ್ಷದ ಗಾಡಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆ 14%, ಆ ತೆರಿಗೆಯ ಮೇಲೆ 11% ಸೆಸ್. ಅಲ್ಲಿಗೆ 1.12 ಲಕ್ಷ. ವಿಮೆ, ನೋಂದಣಿ ಎಲ್ಲ ಸೇರಿ ರಸ್ತೆಗಿಳಿಯುವ ಹೊತ್ತಿಗೆ 8.75 ಲಕ್ಷ. (2025ರ ಸೆಪ್ಟೆಂಬರ್ 22ರಿಂದ ಈ ವರ್ಗದ ಗಾಡಿಗಳ ಜಿಎಸ್‌ಟಿ 18%ಕ್ಕೆ ಇಳಿದಿದೆ. ಇದೇ ಲೆಕ್ಕ ಈಗ ಹಾಕಿದರೆ ಕಾಂಪ್ಯಾಕ್ಟ್ ಕಡೆಯ ತಕ್ಕಡಿ ಇನ್ನಷ್ಟು ತೂಗುತ್ತದೆ.)

ಅಳಿಯನ ಆಯ್ಕೆ ಜರ್ಮನ್ ಸೆಡಾನ್. ಎರಡು ಲೀಟರ್ ಡೀಸೆಲ್, ಎಂಟು ಗೇರಿನ ಆಟೋಮ್ಯಾಟಿಕ್, ಹಿಂದಿನ ಚಕ್ರಕ್ಕೆ ಎಳೆತ. ಹೊಸದಿದ್ದಾಗ ನಲವತ್ತು ಲಕ್ಷದ ಹತ್ತಿರ. ಅವರ ಮಾತನ್ನು ಶೋಕಿ ಎಂದು ತಳ್ಳಿಹಾಕುವಂತಿರಲಿಲ್ಲ. "ಮಾವ, ಅಜ್ಜಿ ಹಿಂದೆ ಮಲಗಿಕೊಂಡೇ ಮಣಿಪಾಲಕ್ಕೆ ಹೋಗಬಹುದು. ಆರು ಏರ್‌ಬ್ಯಾಗ್ ಇದೆ, ಮಳೆಯಲ್ಲಿ ಜಾರದ ಹಾಗೆ ತಡೆಯೋ ವ್ಯವಸ್ಥೆ ಇದೆ, ಅದೇ ದುಡ್ಡು" ಎಂದರು. ಒಂದೂವರೆ ಟನ್ ತೂಕದ ಗಾಡಿ ನೂರರ ವೇಗದಲ್ಲಿ ನೆಲ ಹಿಡಿದು ಹೋಗುವ ಬಗೆಯೇ ಬೇರೆ. ಬೆಂಗಳೂರು ದಾರಿಯಲ್ಲಿ ಕಾಂಪ್ಯಾಕ್ಟ್ ಅದಕ್ಕೆ ಸಾಟಿಯಿಲ್ಲ.

ಇಂಧನದ ಖರ್ಚಿನಲ್ಲಿ ಸೆಡಾನ್ ಸೋಲುತ್ತದೆ ಎಂದು ಮನೆಯವರೆಲ್ಲ ತಿಳಿದಿದ್ದರು. ಲೆಕ್ಕ ಬೇರೆಯೇ ಹೇಳಿತು. ಕಾಂಪ್ಯಾಕ್ಟ್ ಲೀಟರಿಗೆ 16 ಕೊಟ್ಟರೆ ವರ್ಷಕ್ಕೆ 875 ಲೀಟರ್ ಪೆಟ್ರೋಲ್, ಲೀಟರಿಗೆ 102ರಂತೆ 89 ಸಾವಿರ. ಸೆಡಾನ್ 14 ಕೊಟ್ಟರೆ 1,000 ಲೀಟರ್ ಡೀಸೆಲ್, 88ರಂತೆ 88 ಸಾವಿರ. ಸಮಸಮ.

ದೆಹಲಿ ಗಾಡಿ ಏಕೆ ಅಗ್ಗ

ಅಳಿಯ ಮೊದಲು ನೋಡಿದ ಸೆಡಾನ್ ದೆಹಲಿ ನೋಂದಣಿಯದು, ಕೇಳಿದ ಬೆಲೆ 6.5 ಲಕ್ಷ. ಆಗ, ಅಂದರೆ 2024ರಲ್ಲಿ, ದೆಹಲಿ ವಲಯದಲ್ಲಿ ಡೀಸೆಲ್ ಗಾಡಿಗೆ ಹತ್ತು ವರ್ಷದ ಮಿತಿ ಇತ್ತು. 2015ರಲ್ಲಿ ಹಸಿರು ನ್ಯಾಯಮಂಡಳಿ ಮಾಡಿದ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹಾಗಾಗಿ ಅಲ್ಲಿ ವಯಸ್ಸು ತುಂಬುತ್ತಿದ್ದ ದುಬಾರಿ ಡೀಸೆಲ್ ಗಾಡಿಗಳು ದಕ್ಷಿಣಕ್ಕೆ ಬರುತ್ತಿದ್ದವು. ಗಾಡಿ ಚೆನ್ನಾಗಿಯೇ ಇರಬಹುದು, ಆದರೆ ಕೇಳಿದ ಬೆಲೆ ಪೂರ್ತಿ ಬೆಲೆಯಲ್ಲ. ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಇಲ್ಲಿ ಮರುನೋಂದಣಿ ಮಾಡಿಸುವಾಗ ಆಜೀವ ತೆರಿಗೆ ಮತ್ತೆ ಕಟ್ಟಬೇಕು. ಅದನ್ನು ಲೆಕ್ಕ ಹಾಕುವುದು ನೀವು ಕೊಟ್ಟ 6.5 ಲಕ್ಷದ ಮೇಲಲ್ಲ, ಗಾಡಿಯ ಮೂಲ ಬೆಲೆಯ ಮೇಲೆ. ಇಪ್ಪತ್ತು ಲಕ್ಷ ಮೀರಿದ ಗಾಡಿಗೆ 18% ಹಿಡಿದು, ವಯಸ್ಸಿಗೆ ತಕ್ಕಷ್ಟು ಕಡಿತ ಮಾಡುತ್ತಾರೆ. ಈ ಪ್ರಕರಣದಲ್ಲಿ ಅದು ಎರಡು ಲಕ್ಷ ಮೀರುತ್ತಿತ್ತು. ಆ ಗಾಡಿಯನ್ನು ಅಲ್ಲಿಗೇ ಕೈಬಿಟ್ಟರು.

ಎರಡನೆಯದು ಕರ್ನಾಟಕದ್ದೇ, 2014ರ ನೋಂದಣಿ, 92,000 ಕಿ.ಮೀ. ಓಡಿದ್ದು, ಚೌಕಾಸಿ ಮಾಡಿ 7.4 ಲಕ್ಷಕ್ಕೆ ಬಂದಿತ್ತು. ಇಲ್ಲಿಂದ ಮುಂದಿನ ಚರ್ಚೆಯೆಲ್ಲ ಇದರ ಬಗ್ಗೆಯೇ.

ತಪಾಸಣೆಯಲ್ಲಿ ಕಂಡದ್ದು

ಅಳಿಯ ಬೆಂಗಳೂರಿನಲ್ಲಿ ಆ ಬ್ರ್ಯಾಂಡಿನ ಗಾಡಿಗಳನ್ನೇ ನೋಡುವ ಒಬ್ಬ ಸ್ವತಂತ್ರ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ತಪಾಸಣೆ ಮಾಡಿಸಿದರು. ಈ ಇಡೀ ಖರೀದಿಯಲ್ಲಿ ಅತಿ ಸದುಪಯೋಗವಾದ ದುಡ್ಡು ಅದೇ.

ಗಾಡಿ ಪ್ರಾಮಾಣಿಕವಾಗಿತ್ತು. ಮೀಟರಿನಲ್ಲಿದ್ದ ಕಿ.ಮೀ. ಮತ್ತು ಬೇರೆ ಕಂಟ್ರೋಲ್ ಯೂನಿಟ್‌ಗಳಲ್ಲಿ ದಾಖಲಾಗಿದ್ದ ಕಿ.ಮೀ. ಸ್ಕ್ಯಾನರ್‌ನಲ್ಲಿ ತಾಳೆಯಾದವು. ಮೀಟರ್ ತಿರುಗಿಸುವವರು ಸಾಮಾನ್ಯವಾಗಿ ಡ್ಯಾಶ್‌ಬೋರ್ಡ್ ಒಂದನ್ನೇ ತಿದ್ದಿ ಬಿಡುತ್ತಾರೆ. ಸೀಟ್ ಬೆಲ್ಟುಗಳನ್ನು ಕೊನೆವರೆಗೆ ಎಳೆದು ನೋಡಿದಾಗ ಕೆಸರಿನ ಗೆರೆ ಇರಲಿಲ್ಲ, ಕಾರ್ಪೆಟ್ ಕೆಳಗೆ ಹೂಳು ಇರಲಿಲ್ಲ. ಇದನ್ನು ನೋಡದೆ ಬಿಡಬಾರದು: 2018ರ ಕೇರಳದ ನೆರೆಯಲ್ಲಿ, 2022ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ದುಬಾರಿ ಗಾಡಿಗಳು ಮುಳುಗಿದ್ದವು. ಬಾನೆಟ್ ಮೇಲೆ ಕೈಯಿಟ್ಟು ತಣ್ಣಗಿದೆ ಎಂದು ಖಾತ್ರಿ ಮಾಡಿಕೊಂಡೇ ಸ್ಟಾರ್ಟ್ ಮಾಡಿದರು. ಮುಂಚೆಯೇ ಬಿಸಿ ಮಾಡಿಟ್ಟ ಎಂಜಿನ್ ಟೈಮಿಂಗ್ ಚೈನಿನ (ಎಂಜಿನ್ನಿನ ಒಳಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಸರಪಳಿ) ಸದ್ದನ್ನು ಬಚ್ಚಿಡುತ್ತದೆ. ಇಲ್ಲಿ ಸದ್ದಿರಲಿಲ್ಲ.

ಮೋಸ ಇರಲಿಲ್ಲ, ವಯಸ್ಸಾಗಿತ್ತು. ಟೈರಿನ ಬದಿಯ ಅಂಕಿ 3417, ಅಂದರೆ 2017ರ 34ನೇ ವಾರದ ತಯಾರಿ. ಟೈರಿನ ಮೇಲಿನ ಗುಂಡಿ (ಅಚ್ಚು) ಸವೆಯದೆ ಚೆನ್ನಾಗಿದ್ದರೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. 225/50 ಆರ್17 ಅಳತೆಯ ರನ್‌ಫ್ಲ್ಯಾಟ್ ಟೈರು (ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥದ್ದು), ನಾಲ್ಕಕ್ಕೆ 75 ಸಾವಿರ. ಗೇರ್‌ಬಾಕ್ಸಿನ ಎಣ್ಣೆ ಒಮ್ಮೆಯೂ ಬದಲಾಗಿರಲಿಲ್ಲ. "ಜೀವನಪರ್ಯಂತ ಸಾಕು" ಎಂದು ಕಂಪನಿ ಕಡೆಯವರು ಹೇಳಿಕೊಂಡು ಬಂದ ಎಣ್ಣೆ ಅದು, ಆದರೆ ಗೇರ್‌ಬಾಕ್ಸ್ ಮಾಡುವವರು ಹೇಳುವುದು 80,000ದಿಂದ 1,20,000 ಕಿ.ಮೀ. ಅಥವಾ ಎಂಟು ವರ್ಷ. ಫಿಲ್ಟರ್ ಪ್ಲಾಸ್ಟಿಕ್ ಪ್ಯಾನ್‌ನೊಳಗೇ ಕೂತಿರುವುದರಿಂದ ಇಡೀ ಪ್ಯಾನ್ ಬದಲಿಸಬೇಕು. ಎಂಜಿನ್ ಚಾಲೂ ಇಟ್ಟು, ಎಣ್ಣೆಯ ಬಿಸಿಯನ್ನು ಸ್ಕ್ಯಾನರ್‌ನಲ್ಲಿ ನೋಡುತ್ತ ಮಟ್ಟ ಕೂರಿಸಬೇಕು. 40 ಸಾವಿರ. ಮುಂದಿನ ಚಕ್ರವನ್ನು ಹಿಡಿದಿಡುವ ಕಂಟ್ರೋಲ್ ಆರ್ಮ್‌ನ ರಬ್ಬರ್ ಬುಷ್ ಹರಿದಿದ್ದವು, 30 ಸಾವಿರ. ಡಿಕ್ಕಿಯಲ್ಲಿರುವ ಎಜಿಎಂ ಎಂಬ ಬಗೆಯ ಬ್ಯಾಟರಿ ಕೊನೆಯ ಉಸಿರಿನಲ್ಲಿತ್ತು. ಅದನ್ನು ಬದಲಿಸಿದ ಮೇಲೆ ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರ್‌ನಿಂದ ತಿಳಿಸಬೇಕು, ಇಲ್ಲದಿದ್ದರೆ ಹಳೆಯ ಬ್ಯಾಟರಿಗೆ ಮಾಡಿದಂತೆಯೇ ಚಾರ್ಜ್ ಮಾಡಿ ಹೊಸದನ್ನೂ ಬೇಗ ಕೆಡಿಸುತ್ತದೆ. 27 ಸಾವಿರ. ಇಜಿಆರ್ (ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ವ್ಯವಸ್ಥೆ) ಮತ್ತು ಇನ್‌ಟೇಕ್ (ಗಾಳಿ ಒಳಹೋಗುವ ದಾರಿ) ಮಸಿ ತೆಗೆಯಲು 15, ಸರ್ವಿಸಿಗೆ 18. ಕೂಡಿದರೆ 2.05 ಲಕ್ಷ, ಗಾಡಿ ಬೆಲೆಯ ಮೇಲೆ. ಟೈಮಿಂಗ್ ಚೈನ್ ಇದರಲ್ಲಿ ಸೇರಿಲ್ಲ. ಈ ಎಂಜಿನ್ನಿನಲ್ಲಿ ಅದು ಗೇರ್‌ಬಾಕ್ಸ್ ಇರುವ ಬದಿಯಲ್ಲಿದೆ, ಮುಟ್ಟಬೇಕಾದರೆ ದೊಡ್ಡ ಬಿಚ್ಚಾಟ. ಅದಕ್ಕೆಂದೇ ಒಂದೂವರೆ ಲಕ್ಷ ಎತ್ತಿಡಿ ಎಂದರು ಮೆಕ್ಯಾನಿಕ್.

ಇನ್ನೊಂದು ಸಣ್ಣ ಟಿಪ್ಪಣಿ ವರದಿಯ ಕೊನೆಯಲ್ಲಿತ್ತು: ಸನ್‌ರೂಫಿನ ನೀರು ಇಳಿಯುವ ಸಪೂರ ಕೊಳವೆ ಅರ್ಧ ಕಟ್ಟಿದೆ. ಬೆಂಗಳೂರಿನಲ್ಲಿ ಇದು ಸಣ್ಣ ವಿಷಯ. ಮರದಡಿ ನಿಲ್ಲುವ ಮಲೆನಾಡಿನ ಗಾಡಿಗೆ ಹಾಗಲ್ಲ. ಎಲೆ, ಪಾಚಿ ಸೇರಿ ಕೊಳವೆ ಪೂರ್ತಿ ಕಟ್ಟಿದರೆ ನೀರು ಕಾರ್ಪೆಟ್ ಕೆಳಗೆ ಇಳಿಯುತ್ತದೆ, ಅಲ್ಲೇ ವೈರಿಂಗ್ ಕನೆಕ್ಟರ್‌ಗಳಿವೆ. ಒಣಗಲು ಬಿಸಿಲು ಬೇಕು, ಬಿಸಿಲು ಸೆಪ್ಟೆಂಬರಿಗೆ.

ಇಷ್ಟಾದರೂ ಅಳಿಯ ಸೋಲೊಪ್ಪಲಿಲ್ಲ. 7.4ಕ್ಕೆ ಎರಡು ಸೇರಿದರೆ ಒಂಬತ್ತೂವರೆ, ಮೇಲಿನ ಅರ್ಧ ತಾನು ಹಾಕುತ್ತೇನೆ ಎಂದರು. ಬರೀ ದುಡ್ಡಿನ ಲೆಕ್ಕದಲ್ಲಿ ಪೈಪೋಟಿ ಇನ್ನೂ ಜೀವಂತವಾಗಿತ್ತು.

ಅಡಿಕೆ ದಬ್ಬೆಯ ಅಳತೆ

ತಿರುವು ಬಂದದ್ದು ಮನೆಯ ದಾರಿಯಲ್ಲಿ. ಕಂಪನಿಯ ಪತ್ರದಲ್ಲಿರುವ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ಹೊಟ್ಟೆಗೂ ಇರುವ ಅಂತರ) ನೋಡಿ ನಿರ್ಧರಿಸುವುದು ಮೋಸಹೋಗುವ ದಾರಿ. ಅದರ ಜೊತೆ ಎರಡು ಸಂಗತಿ ಸೇರಿಸಬೇಕು: ನಾಲ್ಕು ಜನ, ಸಾಮಾನು ತುಂಬಿದಾಗ ಗಾಡಿ ಎಷ್ಟು ಕೂರುತ್ತದೆ, ಮುಂದಿನ ಹಿಂದಿನ ಚಕ್ರದ ನಡುವೆ ಎಷ್ಟು ಅಂತರವಿದೆ. ಸೆಡಾನಿನ ಈ ಅಂತರ 2.8 ಮೀಟರ್, ಕಾಂಪ್ಯಾಕ್ಟಿನದು 2.45. ಅಂತರ ಹೆಚ್ಚಿದಷ್ಟೂ ಉಬ್ಬಿನ ಮೇಲೆ ಹೊಟ್ಟೆ ತಾಗುವುದು ಬೇಗ.

ಮಗ ಮಾಡಿದ ಕೆಲಸ ಸರಳವಾದದ್ದು. ನೇರವಾದ ಒಂದು ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ತೆಗೆದುಕೊಂಡು, ಜಾಡುಗಳ ನಡುವಿನ ದಿಬ್ಬದ ಮೇಲೆ ಅಡ್ಡಡ್ಡ ಮಟ್ಟವಾಗಿ ಹಿಡಿದು, ದಬ್ಬೆಯಿಂದ ಜಾಡಿನ ತಳಕ್ಕೆ ಟೇಪು ಬಿಟ್ಟರು. ಹೆಚ್ಚಿನ ಕಡೆ ಎಂಟರಿಂದ ಹತ್ತು ಸೆಂ.ಮೀ. ಮೋರಿಯ ಹತ್ತಿರ 13. ಅದು ಫೆಬ್ರವರಿಯ ಒಣ ದಾರಿ. ಪಿಕಪ್ ಗಾಡಿಗಳು ಗೊಬ್ಬರ ತಂದ ಮೇಲೆ, ಆಷಾಢದ ಮಳೆಯಲ್ಲಿ ಜಾಡು ಇನ್ನೂ ಇಳಿಯುತ್ತದೆ. ಬೆಂಗಳೂರಿನಲ್ಲಿ ಅಳಿಯ ಸೆಡಾನಿಗೆ ನಾಲ್ಕು ಜನ ಕೂರಿಸಿ ಎಂಜಿನ್ ಕೆಳಗಿನ ತಟ್ಟೆಗೆ ಅಳೆದಾಗ ಸಿಕ್ಕಿದ್ದು 11.5. ಕಾಂಪ್ಯಾಕ್ಟಿನ ಖಾಲಿ ಅಳತೆ 16.5, ತುಂಬಿದಾಗ 13.5. ಅದೂ ಕೂದಲೆಳೆಯಲ್ಲೇ ಪಾರು.

ಸೆಡಾನಿನ ಎಂಜಿನ್ ಕೆಳಗಿರುವುದು ಪ್ಲಾಸ್ಟಿಕ್ ತಟ್ಟೆ. ದಿಬ್ಬಕ್ಕೆ ಮೊದಲು ಅದು ಉಜ್ಜುತ್ತದೆ, ಕ್ಲಿಪ್ಪು ಕಿತ್ತು ಒಂದು ಮೂಲೆ ಜೋತು ಬೀಳುತ್ತದೆ, ಜಂಬಿಟ್ಟಿಗೆ ಮಣ್ಣು ತುಂಬಿಕೊಂಡು ಭಾರಕ್ಕೆ ಕಳಚುತ್ತದೆ. ಅದು ಹೋದ ಮೇಲೆ ಮುಂದಿನ ಕಲ್ಲು ತಾಗುವುದು ಎಣ್ಣೆ ಚೇಂಬರಿಗೆ.

ಹಾಗಾದರೆ ದಾರಿಯನ್ನೇ ಸರಿಮಾಡಿದರೆ? ಈ ಪ್ರಶ್ನೆಯನ್ನು ಮನೆಯವರು ನಿಜವಾಗಿಯೂ ಕೇಳಿಕೊಂಡರು. ದಿಬ್ಬ ಕೆತ್ತಿ, ಜಾಡಿಗೆ ಜಲ್ಲಿ ಮತ್ತು ಗೊಚ್ಚು ಹಾಕಿ, ರೋಲರ್ ಹೊಡೆಸಲು ಟಿಪ್ಪರ್‌ನವರು ಹೇಳಿದ ಅಂದಾಜು 1.6 ಲಕ್ಷ. ಮಾಡಿಸಬಹುದು. ಬದಿ ಚರಂಡಿ ಇಲ್ಲದ ಇಳಿಜಾರಿನಲ್ಲಿ ಒಂದೇ ಮಳೆಗಾಲಕ್ಕೆ ಗೊಚ್ಚು ತೊಳೆದುಹೋಗುತ್ತದೆ ಎಂಬುದು ಯಜಮಾನರ ಅನುಭವದ ಮಾತು. ಚರಂಡಿ ಸೇರಿಸಿದರೆ ಲೆಕ್ಕ ಇನ್ನೂ ಏರುತ್ತಿತ್ತು.

ಐದು ವರ್ಷ ಹಳೆಯ ಸಣ್ಣ ಎಸ್‌ಯುವಿ ಎಂಬ ಮೂರನೇ ದಾರಿಯೂ ಇತ್ತು. ಒಳ್ಳೆಯ ದಾರಿಯೇ. ಆ ತಿಂಗಳಲ್ಲಿ ಸರಿಯಾದ ಗಾಡಿ ಸಿಗಲಿಲ್ಲ, ಅಷ್ಟೆ.

ಗಾಡಿ ಇಲ್ಲದ ದಿನಗಳು

ಎರಡನೇ ತಿರುವು ಒಂದು ಫೋನ್ ಮಾತಿನಲ್ಲಿ. ಮಗ ಶಿವಮೊಗ್ಗದ ಒಂದು ಗ್ಯಾರೇಜಿಗೆ ಕೇಳಿದ್ದು "ನೀವು ಈ ಗಾಡಿ ರಿಪೇರಿ ಮಾಡ್ತೀರಾ" ಎಂದಲ್ಲ. ಹಾಗೆ ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. "ಹೋದ ಸಲ ಇಂಥ ಗಾಡಿ ಬಂದಾಗ ಎಷ್ಟು ದಿನ ನಿಮ್ಮ ಶೆಡ್ಡಲ್ಲಿ ನಿಂತಿತ್ತು?" ಎಂದು ಕೇಳಿದರು. ಉತ್ತರ: "ಸ್ಕ್ಯಾನ್ ಮಾಡೋದು ಒಂದು ದಿನ ಸಾರ್. ಪಾರ್ಟು ಬೆಂಗಳೂರಿಂದ ರಾತ್ರಿ ಬಸ್ಸಿಗೆ ಹಾಕ್ತಾರೆ, ಬೆಳಗ್ಗೆ ಸಿಗತ್ತೆ. ಆದ್ರೆ ನಂಬರ್ ತಪ್ಪಿ ಬಂದ್ರೆ ವಾಪಸ್ ಕಳ್ಸಿ ಮತ್ತೆ ತರ್ಸಬೇಕು. ಎರಡು ವಾರ ಅಂತ ಇಟ್ಕೊಳಿ."

ಒಂದೇ ಗಾಡಿಯ ಮನೆ, ಮೂರು ವಾರಕ್ಕೊಮ್ಮೆ ಮಣಿಪಾಲ. ಎರಡು ವಾರ ಗಾಡಿ ಇಲ್ಲದಿದ್ದರೆ ಒಂದು ಸರದಿಗೆ ಬಾಡಿಗೆ ಗಾಡಿ ಮಾಡಬೇಕಾಗುವ ಸಾಧ್ಯತೆ ಹೆಚ್ಚು. ದಾರಿಯಲ್ಲಿ ಕೆಟ್ಟರೆ ಇನ್ನೊಂದು ತೊಡಕು. ಹಿಂದಿನ ಚಕ್ರ ಎಳೆಯುವ ಆಟೋಮ್ಯಾಟಿಕ್ ಗಾಡಿಯ ಹಿಂದಿನ ಚಕ್ರ ನೆಲದಲ್ಲಿಟ್ಟು ಎಳೆದೊಯ್ದರೆ ಗೇರ್‌ಬಾಕ್ಸ್ ಹಾಳಾಗುತ್ತದೆ, ಹಾಗಾಗಿ ಇಡೀ ಗಾಡಿಯನ್ನು ಹೇರುವ ಲಾರಿ ಬೇಕು. ಹದಿನಾಲ್ಕು ತಿರುವಿನ ಆಗುಂಬೆ ಘಾಟಿಯಲ್ಲಿ ಭಾರೀ ವಾಹನಗಳಿಗೆ ಅವಕಾಶವಿಲ್ಲ. ರನ್‌ಫ್ಲ್ಯಾಟ್ ಟೈರು ಪಂಕ್ಚರಾದರೆ 80 ಕಿ.ಮೀ. ತನಕ ಓಡಿಸಬಹುದು, ನಿಜ. ಅದರಾಚೆ ಆ ಅಳತೆಯ ಟೈರು ಇರುವ ಅಂಗಡಿ ಹುಡುಕಬೇಕು, ಸ್ಟೆಪ್ನಿ ಇರುವುದಿಲ್ಲ.

ವಿಮೆಯಲ್ಲೂ ಅಂತರವಿತ್ತು. ಥರ್ಡ್ ಪಾರ್ಟಿ ಕಂತು 1500 ಸಿಸಿ ಮೀರಿದ ಗಾಡಿಗೆ ವರ್ಷಕ್ಕೆ 7,897, 1000ರಿಂದ 1500 ಸಿಸಿಗೆ 3,416, ತೆರಿಗೆ ಬೇರೆ. ಅದು ದೊಡ್ಡ ಮಾತಲ್ಲ. ದೊಡ್ಡದು ಬೇರೆ: ಹತ್ತು ವರ್ಷ ದಾಟಿದ ಗಾಡಿಗೆ ಜೀರೋ ಡೆಪ್ (ಸವಕಳಿ ಕಳೆಯದೆ ಕೊಡುವ ವಿಮೆ) ಸಿಗುವುದು ಕಷ್ಟ, ಮಾಮೂಲಿ ಪಾಲಿಸಿಯಲ್ಲಿ ಲೋಹದ ಭಾಗಗಳಿಗೂ ಪ್ಲಾಸ್ಟಿಕ್ಕಿಗೂ 50% ಸವಕಳಿ ಕಳೆಯುತ್ತಾರೆ. ಎಮ್ಮೆ ಅಡ್ಡ ಬಂದು ಮುಂಭಾಗ ಜಖಂ ಆದರೆ ನಲವತ್ತು ಲಕ್ಷದ ಗಾಡಿಯ ಬಿಡಿಭಾಗಕ್ಕೆ ಅರ್ಧ ದುಡ್ಡು ಕೈಯಿಂದ.

ಕೊನೆಯ ಮಾತು ಅಜ್ಜಿಯದೇ. ಅಳಿಯ ಹೋಳಿ ಹುಣ್ಣಿಮೆ ಸುಮಾರಿಗೆ ಮಾರುವವರನ್ನು ಒಪ್ಪಿಸಿ ಗಾಡಿಯನ್ನು ತೀರ್ಥಹಳ್ಳಿ ತನಕ ತಂದಿದ್ದರು. ಹಿಂದಿನ ಸೀಟಿನಲ್ಲಿ ಕೂತು ಅಜ್ಜಿ ಖುಷಿಪಟ್ಟರು, ಇಳಿಯುವಾಗ ಏಳಲಾಗಲಿಲ್ಲ. ನೆಲದಿಂದ ಸೀಟಿಗೆ 46 ಸೆಂ.ಮೀ., ಮಂಡಿ ಸೊಂಟಕ್ಕಿಂತ ಮೇಲೆ. ಇಬ್ಬರು ಹಿಡಿದು ಎಬ್ಬಿಸಿದರು. "ಮಣೆ ಮೇಲೆ ಕೂತಂಗಾತು ಕಣೋ" ಎಂದರು. ಕಾಂಪ್ಯಾಕ್ಟಿನ ಸೀಟು 54 ಸೆಂ.ಮೀ., ಬಾಗಿಲ ಚೌಕಟ್ಟು ಹಿಡಿದು ತಾವೇ ಎದ್ದರು. ಅಲ್ಲಿಯವರೆಗೆ ಸೆಡಾನಿನ ಪರವಾಗಿದ್ದ ಅತಿ ಗಟ್ಟಿ ಕಾರಣ ಅಜ್ಜಿಯ ಸುಖವೇ ಆಗಿತ್ತು.

ಆಮೇಲೆ ಆದದ್ದು

ಕಾಂಪ್ಯಾಕ್ಟ್ ಬಂತು. ಎಎಂಟಿ (ಕ್ಲಚ್ ತುಳಿಯದೆ ತಾನೇ ಬದಲಾಗುವ) ಗೇರಿನದನ್ನು ಆಗುಂಬೆಯಲ್ಲಿ ಓಡಿಸಿ ನೋಡಿದ್ದರು. ತಿರುವಿನಲ್ಲಿ ಮೇಲೇರುವಾಗ ಒಂದಕ್ಕೋ ಎರಡಕ್ಕೋ ಎಂದು ತಡವರಿಸಿ ಎಳೆತ ತಪ್ಪುತ್ತಿತ್ತು. ಮ್ಯಾನುಯಲ್ ಮೋಡಿನಲ್ಲಿ ಎರಡರಲ್ಲೇ ನಿಲ್ಲಿಸಿದರೆ ಸರಿಹೋಗುತ್ತದೆ, ಆದರೆ ಹೇಗೂ ಕೈಯಲ್ಲೇ ಹಾಕುವುದಾದರೆ ಮಾಮೂಲಿ ಗೇರೇ ಸಾಕು ಎಂದು ಸೊಸೆ ಹೇಳಿದ್ದು ಸರಿಯಿತ್ತು. ಉಳಿದ ದುಡ್ಡಲ್ಲಿ ಕಬ್ಬಿಣದ ಚೇಂಬರ್ ಗಾರ್ಡ್, ಕೆಳಭಾಗಕ್ಕೆ ತುಕ್ಕು ನಿರೋಧಕ ಕೋಟಿಂಗ್, ಜೀರೋ ಡೆಪ್ ಮತ್ತು ಎಂಜಿನ್ ರಕ್ಷಣೆಯ ವಿಮೆ. ನೀರು ನುಗ್ಗಿ ಎಂಜಿನ್ ಲಾಕ್ ಆದರೆ ಮಾಮೂಲಿ ಪಾಲಿಸಿ ಕೊಡುವುದಿಲ್ಲ, ಹಳ್ಳ ದಾಟುವ ಊರಲ್ಲಿ ಇದು ಬೇಕೇಬೇಕು.

ಎರಡು ಮಳೆಗಾಲ ಕಳೆದಿವೆ. ಚೇಂಬರ್ ಗಾರ್ಡ್ ಮೋರಿಯ ಹತ್ತಿರ ಹಲವು ಸಲ ಉಜ್ಜಿದೆ, ಅದರ ಕೆಲಸವೇ ಅದು. ಮೊದಲ ಮಳೆಗಾಲದಲ್ಲಿ ಇಲಿ ವೈರ್ ಕಡಿದು ಎಂಜಿನ್ ಲೈಟು ಬಂತು. ಅಡಿಕೆ ಮನೆ ಪಕ್ಕ ನಿಲ್ಲಿಸುವುದು ಬಿಟ್ಟು, ರಾತ್ರಿ ಬಾನೆಟ್ ಎತ್ತಿಡಲು ಶುರುಮಾಡಿದ ಮೇಲೆ ನಿಂತಿತು. ಬೆಚ್ಚಗಿನ ಕತ್ತಲೆ ಸಿಗದಿದ್ದರೆ ಅವು ಕೂರುವುದಿಲ್ಲ. ದೂರುಗಳೂ ಇವೆ. ಐದು ಜನ ಕೂತು ಎಸಿ ಹಾಕಿ ಘಾಟಿ ಏರಿದರೆ ಎಂಜಿನ್ ಏದುಸಿರು ಬಿಡುತ್ತದೆ. ಬೆಂಗಳೂರು ತಲುಪುವ ಹೊತ್ತಿಗೆ ಹಿಂದೆ ಕೂತವರಿಗೆ ಸೊಂಟ ಹಿಡಿದಿರುತ್ತದೆ. ಆ ದಿನಗಳಲ್ಲಿ ಅಳಿಯನ ಮಾತು ಮತ್ತೆ ಬರುತ್ತದೆ, ಯಾರೂ ಅಲ್ಲಗಳೆಯುವುದಿಲ್ಲ. ಮಣಿಪಾಲದ ಸರದಿ ಗಾಡಿಯ ಕಾರಣಕ್ಕೆ ತಪ್ಪಿಲ್ಲ.

ಅದೇ ಸೆಡಾನ್ ಶಿವಮೊಗ್ಗ ಪೇಟೆಯ ಒಬ್ಬ ವ್ಯಾಪಾರಿಯ ಕೈಸೇರಿತು. ತಪಾಸಣೆಯ ಪಟ್ಟಿ ಹಿಡಿದು ಇನ್ನೂ ಅರವತ್ತು ಸಾವಿರ ಇಳಿಸಿಕೊಂಡರು, ಪಟ್ಟಿಯಲ್ಲಿದ್ದದ್ದನ್ನೆಲ್ಲ ಮೊದಲ ತಿಂಗಳಲ್ಲೇ ಮಾಡಿಸಿದರು. ಮನೆಗೆ ಕಾಂಕ್ರೀಟ್ ರಸ್ತೆ, ಗಾಡಿಗೆ ಮುಚ್ಚಿದ ಶೆಡ್ಡು, ಓಡಾಟಕ್ಕೆ ಇನ್ನೊಂದು ಗಾಡಿ. ಇಜಿಆರ್ ಕೂಲರ್ ಸೋರಿ ಒಮ್ಮೆ ಮೂರು ವಾರ ಗ್ಯಾರೇಜಿನಲ್ಲಿ ನಿಂತಿತ್ತು. ಅವರಿಗೆ ಅದು ತೊಂದರೆ ಅನ್ನಿಸಲೇ ಇಲ್ಲ, ಇನ್ನೊಂದರಲ್ಲಿ ಓಡಾಡಿಕೊಂಡಿದ್ದರು. ಗಾಡಿಯ ಬಗ್ಗೆ ಕೇಳಿದರೆ ಹೊಗಳುತ್ತಾರೆ.

ಒಂದೇ ಗಾಡಿ ಒಂದು ಮನೆಗೆ ಹೊರೆ, ಇನ್ನೊಂದಕ್ಕೆ ಸುಖ. ಇಂಥ ಆಯ್ಕೆ ಎದುರಿಗಿರುವವರು ಮಾರುವವರ ಹತ್ತಿರ ಹೋಗುವ ಮುಂಚೆ ಅಂಗಳದಿಂದ ಟಾರು ರಸ್ತೆ ತನಕ ನಡೆದು ಅಳೆಯುವುದು ವಾಸಿ, ಅದೂ ಮಳೆಗಾಲದಲ್ಲಿ. ಅಳತೆ ದಾಟಿದರೆ, ಮನೆಯಲ್ಲಿ ಎರಡನೇ ಗಾಡಿ ಇದ್ದರೆ, ಸೆಡಾನಿನ ಬೆಲೆಯ ಮೂರನೇ ಒಂದು ಭಾಗದಷ್ಟು ದುಡ್ಡು ಬೇರೆ ಇಟ್ಟಿದ್ದರೆ ಧೈರ್ಯ ಮಾಡಬಹುದು. ಈ ಮೂರರಲ್ಲಿ ಎರಡು ಇದ್ದು ಒಂದು ಇಲ್ಲದವರೇ ಹೆಚ್ಚು ಒದ್ದಾಡುವುದು, ಅದರಲ್ಲೂ ಎತ್ತಿಟ್ಟ ದುಡ್ಡು ಇಲ್ಲದವರು: ಸಣ್ಣ ಸೋರಿಕೆಯನ್ನು ಮುಂದೂಡುತ್ತಾರೆ, ಅದು ದೊಡ್ಡದನ್ನು ಎಳೆದು ತರುತ್ತದೆ. 2014ರ ಗಾಡಿಯ ಆರ್‌ಸಿ 2029ಕ್ಕೆ ಹದಿನೈದು ವರ್ಷ ಮುಗಿಸಿ ಎಫ್‌ಸಿಗೆ (ಗಾಡಿಯ ಅರ್ಹತೆ ಪರೀಕ್ಷೆಗೆ) ನಿಲ್ಲುತ್ತದೆ, ಆ ವರ್ಷ ಅದನ್ನು ಕೊಳ್ಳುವವರು ಸಿಗುವುದು ಕಷ್ಟ. ಹಾಗಾಗಿ ಆ ವ್ಯಾಪಾರಿ 2027ರ ದಸರಾಕ್ಕೇ ಮಾರಲು ಯೋಚಿಸುತ್ತಿದ್ದಾರೆ.